ಲೀಡ್ಸ್‌ನಲ್ಲಿ ಹುಟ್ಟಿ ದೂರದ ಯುದ್ಧಕ್ಕೆ ಸಿಪಾಯಿಗಳಾದವರು

2005ರ ಸೆಪ್ಟೆಂಬರ್ 1ರಂದು ಅಲ್ ಜಜೀರಾ ವಾಹಿನಿ ಒಂದು ವಿಡಿಯೊ ಪ್ರಸಾರ ಮಾಡಿತು. ತಲೆಗೆ ಚೌಕಳಿ ವಸ್ತ್ರ ಸುತ್ತಿಕೊಂಡ ಗಡ್ಡಧಾರಿ ಯುವಕನೊಬ್ಬ ಕ್ಯಾಮೆರಾದತ್ತ ಬೆರಳು ಆಡಿಸುತ್ತ ಮಾತನಾಡುತ್ತಾನೆ. ನೀವು ಆರಿಸಿದ ಸರ್ಕಾರಗಳು ಜಗತ್ತಿನ ಎಲ್ಲೆಡೆ ನನ್ನ ಜನರ ಮೇಲೆ ದೌರ್ಜನ್ಯ ನಡೆಸುತ್ತಿವೆ, ಅದಕ್ಕೆ ನೀವೂ ಹೊಣೆಗಾರರು, ಇದು ಯುದ್ಧ, ನಾನು ಸಿಪಾಯಿ ಎಂಬುದು ಅವನ ಮಾತಿನ ಸಾರ. ಇಂಥ ಮಾತುಗಳು ಬ್ರಿಟನ್ನಿನ ಜನರಿಗೆ ಹೊಸದೇನಾಗಿರಲಿಲ್ಲ. ಅವರನ್ನು ಬೆಚ್ಚಿಬೀಳಿಸಿದ್ದು ಆ ಮಾತಿನ ಧಾಟಿ. ಅದು ಅಪ್ಪಟ ಯಾರ್ಕ್‌ಶೈರ್ ಸೀಮೆಯ ಇಂಗ್ಲಿಷ್. ಲೀಡ್ಸ್ ನಗರದ ಯಾವ ಅಂಗಡಿಯಲ್ಲಿ, ಯಾವ ಬಸ್ಸಿನಲ್ಲಿ ಬೇಕಾದರೂ ಕಿವಿಗೆ ಬೀಳುವಂಥದ್ದು.

ಆ ವಿಡಿಯೊ ಬಿಡುಗಡೆಯಾಗುವ ಹೊತ್ತಿಗೆ ಆ ಯುವಕ, ಮೊಹಮ್ಮದ್ ಸಿದ್ದೀಕ್ ಖಾನ್, ಸತ್ತು ಎಂಟು ವಾರಗಳಾಗಿದ್ದವು. ಜುಲೈ 7ರ ಬೆಳಿಗ್ಗೆ ಅವನೂ ಇನ್ನೂ ಮೂವರೂ ಲಂಡನ್ನಿನ ಮೂರು ಸುರಂಗ ರೈಲುಗಳಲ್ಲಿ ಮತ್ತು ಒಂದು ಬಸ್ಸಿನಲ್ಲಿ ತಮ್ಮನ್ನು ತಾವೇ ಸ್ಫೋಟಿಸಿಕೊಂಡಿದ್ದರು. 52 ಪ್ರಯಾಣಿಕರು ಸತ್ತರು, 700ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಸತ್ತವರಲ್ಲಿ ಮುಸ್ಲಿಮರೂ ಇದ್ದರು. ನಾಲ್ವರು ಬಾಂಬರ್‌ಗಳ ಪೈಕಿ ಮೂವರು ಪಾಕಿಸ್ತಾನಿ ಮೂಲದ ಕುಟುಂಬಗಳಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲೇ ಬೆಳೆದವರು. ನಾಲ್ಕನೆಯವನಾದ ಜರ್ಮೇನ್ ಲಿಂಡ್ಸೆ ಜಮೈಕಾದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಇಂಗ್ಲೆಂಡಿಗೆ ಬಂದು, ನಂತರ ಇಸ್ಲಾಂ ಸ್ವೀಕರಿಸಿದವನು. ಸಿದ್ದೀಕ್ ಖಾನ್ ಪ್ರಾಥಮಿಕ ಶಾಲೆಯೊಂದರಲ್ಲಿ ಹಿಂದುಳಿದ ಮಕ್ಕಳಿಗೆ ನೆರವಾಗುವ ಕೆಲಸದಲ್ಲಿದ್ದ. ಶೆಹಜಾದ್ ತನ್ವೀರ್ ಕ್ರಿಕೆಟ್ ಹುಚ್ಚಿನ, ಕೈತುಂಬ ಕಾಸಿದ್ದ ಹುಡುಗ. ಅವನ ತಂದೆ ಮೀನು–ಚಿಪ್ಸ್ ಅಂಗಡಿ ನಡೆಸುತ್ತಿದ್ದರು.

ಅಂದಿನಿಂದ ಬ್ರಿಟನ್ನಿನಲ್ಲಿ ಒಂದು ವಾದ ನಿಂತೇ ಇಲ್ಲ. ಇದು ಹೊರಗಿನ ಕೈವಾಡವೋ, ಒಳಗಿನ ರೋಗವೋ? ಒಂದು ಕಡೆಯವರು ಅಲ್ ಖೈದಾ, ಪಾಕಿಸ್ತಾನದ ಶಿಬಿರ, ಅರಬ್ ಧರ್ಮಬೋಧಕರು ಎನ್ನುತ್ತಾರೆ. ಇನ್ನೊಂದು ಕಡೆಯವರು ಜನಾಂಗೀಯ ತಾರತಮ್ಯ, ಮುಚ್ಚಿದ ಗಿರಣಿಗಳು, ಇರಾಕ್ ಯುದ್ಧ ಎನ್ನುತ್ತಾರೆ. ಇಬ್ಬರ ಬಳಿಯೂ ಸಾಕ್ಷ್ಯವಿದೆ, ಇಬ್ಬರ ವಿವರಣೆಯೂ ಅರ್ಧದಾರಿಯಲ್ಲಿ ನಿಲ್ಲುತ್ತದೆ. ಬಡಾವಣೆಯ ಒಬ್ಬ ಯುವಕನಿಗೂ ಸಾವಿರಾರು ಮೈಲಿ ದೂರದ ಚಳವಳಿಗೂ ನಡುವೆ ಯಾರೋ ಒಬ್ಬರು, ಏನೋ ಒಂದು ಕೊಂಡಿಯಾಗಿರಬೇಕು. ನನಗೆ ಮುಖ್ಯವೆನಿಸುವುದು ಆ ಕೊಂಡಿ. ಕಳೆದ ಮೂವತ್ತು ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಬದಲಾಗುತ್ತ ಬಂದಿರುವುದೂ ಅದೇ.

ಮೊದಲು ಬಡಾವಣೆಯ ಕಥೆ. ಎರಡನೇ ಮಹಾಯುದ್ಧದ ನಂತರ ಯಾರ್ಕ್‌ಶೈರ್‌ನ ಬಟ್ಟೆ ಗಿರಣಿಗಳಿಗೆ ರಾತ್ರಿ ಪಾಳಿಗೆ ಜನ ಸಿಗುತ್ತಿರಲಿಲ್ಲ. 1960ರ ದಶಕದಲ್ಲಿ ಪಾಕಿಸ್ತಾನದ ಹಿಡಿತದಲ್ಲಿರುವ ಕಾಶ್ಮೀರದ ಮೀರ್‌ಪುರದ ಬಳಿ ಮಂಗ್ಲಾ ಅಣೆಕಟ್ಟು ಎದ್ದಿತು. ಅದರ ಹಿನ್ನೀರಿಗೆ ಒಂದು ಲಕ್ಷದಷ್ಟು ಜನ ಮನೆಮಾರು ಕಳೆದುಕೊಂಡರು. ಅವರಲ್ಲಿ ಎಷ್ಟೋ ಮಂದಿ ಬ್ರ್ಯಾಡ್‌ಫರ್ಡ್, ಲೀಡ್ಸ್, ಡ್ಯೂಸ್‌ಬರಿ ಸೇರಿದರು. ಇಪ್ಪತ್ತು ವರ್ಷ ಕಳೆಯುವುದರೊಳಗೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಜನ ಅಲ್ಲೇ ಉಳಿದರು. ಅವರ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋದರು. ಮಸೀದಿಯಲ್ಲಿದ್ದ ಇಮಾಮರು ಊರಿನಿಂದ ಬಂದವರು, ಅವರ ಪ್ರವಚನ ಉರ್ದುವಿನಲ್ಲಿ. ಪೀರರು, ದರ್ಗಾ, ಉರುಸು ಎಂದು ಹಿರಿಯರು ಊರಿನಿಂದ ಹೊತ್ತು ತಂದಿದ್ದ ಭಕ್ತಿಯ ಇಸ್ಲಾಂ ಮಕ್ಕಳಿಗೆ ಅರ್ಥವಾಗುತ್ತಿರಲಿಲ್ಲ. ಬೀದಿಯಲ್ಲಿ ಅವರನ್ನು ಪಾಕಿ ಎಂದು ಹೀಯಾಳಿಸುವವರಿದ್ದರು, ಮನೆಯಲ್ಲಿ ಬಿರಾದರಿಯ, ಅಂದರೆ ಕುಲದ, ಒಳಗೇ ಮದುವೆಯಾಗಬೇಕೆಂಬ ಒತ್ತಾಯವಿತ್ತು.

ಈ ಬಿರುಕಿನೊಳಗೆ ಮೊದಲು ನುಗ್ಗಿದ್ದು ಇಂಗ್ಲಿಷಿನಲ್ಲಿ ಮಾತನಾಡುವ ಕಟ್ಟುನಿಟ್ಟಿನ ಇಸ್ಲಾಂ. ಕೊಲ್ಲಿ ದೇಶಗಳ ಹಣದಿಂದ ಅಚ್ಚಾದ ಇಂಗ್ಲಿಷ್ ಕರಪತ್ರಗಳು, ಕ್ಯಾಸೆಟ್ಟುಗಳು ಧಾರಾಳವಾಗಿ ಸಿಗುತ್ತಿದ್ದವು. ನಿನ್ನ ಅಪ್ಪ ಆಚರಿಸುವುದು ಹಳ್ಳಿಯ ಮೂಢನಂಬಿಕೆ, ಧರ್ಮದಲ್ಲಿ ಬಿರಾದರಿ ಎಂಬುದೇ ಇಲ್ಲ, ಯಾವ ಮುಸ್ಲಿಂ ಹುಡುಗಿಯನ್ನಾದರೂ ನೀನು ಮದುವೆಯಾಗಬಹುದು ಎಂದು ಹೇಳುವ ಧರ್ಮ ಇಪ್ಪತ್ತರ ಹುಡುಗನಿಗೆ ಏಕೆ ಹಿಡಿಸುವುದಿಲ್ಲ? ಹೊರಗಿನವರಿಗೆ ಇದು ಹಿಂದಕ್ಕೆ ಸರಿದಂತೆ ಕಾಣುತ್ತಿತ್ತು. ಆ ಹುಡುಗನಿಗೆ ಅದು ಬಿಡುಗಡೆಯಾಗಿತ್ತು. ಈ ದಾರಿ ಹಿಡಿದ ಸಾವಿರಾರು ಯುವಕರಲ್ಲಿ ಬಹುತೇಕರು ನಮಾಜು, ಗಡ್ಡ, ಕುಟುಂಬ ಎಂದು ನೆಮ್ಮದಿಯಾಗಿ ಬದುಕಿದರು. ಹಿಂಸೆಯತ್ತ ತಿರುಗಿದವರು ಬೆರಳೆಣಿಕೆಯಷ್ಟು. ಆದ್ದರಿಂದ ಬಡತನ, ತಾರತಮ್ಯ, ಕಟ್ಟುನಿಟ್ಟಿನ ಧರ್ಮ ಇವೆಲ್ಲವನ್ನೂ ಕೂಡಿಸಿದರೂ ಜುಲೈ 7 ಬರುವುದಿಲ್ಲ. ಬೇರೊಂದು ಸೇರಬೇಕು.

ಅದು ಬಂದದ್ದು ಲಂಡನ್ನಿನಿಂದ. 1990ರ ದಶಕದಲ್ಲಿ ಈಜಿಪ್ಟ್, ಆಲ್ಜೀರಿಯಾ, ಜೋರ್ಡಾನ್, ಸಿರಿಯಾಗಳಿಂದ ಓಡಿಬಂದ ತೀವ್ರವಾದಿಗಳಿಗೆ ಲಂಡನ್ ನೆಲೆ ಕೊಟ್ಟಿತ್ತು. ಅವರ ಜಗಳ ಅವರ ದೇಶದ ಸರ್ವಾಧಿಕಾರಿಗಳ ಜತೆಗಿನದು, ನಮ್ಮ ನೆಲದಲ್ಲಿ ಗಲಾಟೆ ಮಾಡದಿದ್ದರಾಯಿತು ಎಂಬ ಧೋರಣೆ ಆಡಳಿತದಲ್ಲಿತ್ತು. ಫ್ರಾನ್ಸಿನ ಅಧಿಕಾರಿಗಳು ರೋಸಿಹೋಗಿ ಆ ನಗರವನ್ನು ಲಂಡನಿಸ್ತಾನ್ ಎಂದು ಕರೆಯತೊಡಗಿದ್ದರು. ಫಿನ್ಸ್‌ಬರಿ ಪಾರ್ಕ್ ಮಸೀದಿಯಲ್ಲಿ ಈಜಿಪ್ಟಿನ ಅಬು ಹಂಜಾ, ಇನ್ನೊಂದು ಕಡೆ ಜೋರ್ಡಾನಿನ ಅಬು ಖತಾದಾ, ಮತ್ತೊಂದು ಕಡೆ ಸಿರಿಯಾದ ಒಮರ್ ಬಕ್ರಿ. ಬೂಟಿನಲ್ಲಿ ಸ್ಫೋಟಕ ಅಡಗಿಸಿಕೊಂಡು 2001ರ ಡಿಸೆಂಬರ್‌ನಲ್ಲಿ ವಿಮಾನ ಏರಿದ ರಿಚರ್ಡ್ ರೀಡ್ ಲಂಡನ್ನಿನಲ್ಲೇ ಹುಟ್ಟಿದವನು, ಫಿನ್ಸ್‌ಬರಿ ಪಾರ್ಕಿಗೆ ಹೋಗಿಬಂದವನು. ಲಿಂಡ್ಸೆಯ ತಲೆ ಕೆಡಿಸಿದ್ದು ಅವನಂತೆಯೇ ಜಮೈಕಾದಿಂದ ಬಂದ ಅಬ್ದುಲ್ಲಾ ಅಲ್ ಫೈಸಲ್ ಎಂಬ ಬೋಧಕ.

ಇವರೆಲ್ಲರಿಗಿಂತ ಹೆಚ್ಚು ಹಾನಿ ಮಾಡಿದ್ದು ಬಹುಶಃ ಇಂಗ್ಲೆಂಡಿನಲ್ಲೇ ಹುಟ್ಟಿದ ವಕೀಲ ಅಂಜೆಮ್ ಚೌಧರಿ. ಒಮರ್ ಬಕ್ರಿ 1996ರಲ್ಲಿ ಕಟ್ಟಿದ ಅಲ್ ಮುಹಾಜಿರೂನ್ ಎಂಬ ಗುಂಪನ್ನು ಇವನು ಮುಂದೆ ನಡೆಸಿದ. ಸರ್ಕಾರ ಗುಂಪನ್ನು ನಿಷೇಧಿಸಿದಾಗಲೆಲ್ಲ ಹೊಸ ಹೆಸರಿನ ಫಲಕ ಏಳುತ್ತಿತ್ತು. ಚೌಧರಿ ಕಾನೂನು ಬಲ್ಲವನು. ಎಲ್ಲಿ ನಿಲ್ಲಿಸಬೇಕೆಂದು ತಿಳಿದಿತ್ತು. ಬಾಂಬ್ ಇಡು ಎಂದು ಅವನು ಯಾರಿಗೂ ಹೇಳಲಿಲ್ಲ. ಬೋಸ್ನಿಯಾ, ಚೆಚೆನ್ಯಾ, ಪ್ಯಾಲೆಸ್ಟೀನ್, ಇರಾಕ್ ಎಲ್ಲವೂ ಒಂದೇ ಯುದ್ಧ, ನೀನು ಬೀದಿಯಲ್ಲಿ ತಿಂದ ಬೈಗುಳವೂ ಅದೇ ಯುದ್ಧದ ಭಾಗ ಎಂದು ಬೀದಿಬದಿಯ ಮೇಜಿನ ಹಿಂದೆ ನಿಂತು ವರ್ಷಗಟ್ಟಲೆ ಹೇಳಿದ. ಅವನ ಬಳಗದಲ್ಲಿ ಓಡಾಡಿದವರು ಮುಂದೆ 2013ರಲ್ಲಿ ಲಂಡನ್ನಿನ ವೂಲಿಚ್‌ನಲ್ಲಿ ಹಾಡಹಗಲೇ ಸೈನಿಕನೊಬ್ಬನನ್ನು ಕೊಂದರು, 2017ರಲ್ಲಿ ಲಂಡನ್ ಸೇತುವೆಯ ದಾಳಿಯ ಮುಂದಾಳಾದರು, 2019ರಲ್ಲಿ ಅದೇ ಸೇತುವೆಯ ಪಕ್ಕದ ಫಿಷ್‌ಮಂಗರ್ಸ್ ಹಾಲ್‌ನಲ್ಲಿ ಚಾಕು ಬೀಸಿದರು. ಚೌಧರಿ ಮೊದಲ ಸಲ ಜೈಲು ಸೇರಿದ್ದು 2016ರಲ್ಲಿ, ಐಸಿಸ್‌ಗೆ ಬೆಂಬಲ ಕೋರಿದ್ದಕ್ಕೆ. 2024ರಲ್ಲಿ ನಿಷೇಧಿತ ಸಂಘಟನೆಯನ್ನು ನಡೆಸಿದ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾಯಿತು.

ಉತ್ತರ ಐರ್ಲೆಂಡನ್ನು ಬ್ರಿಟನ್ನಿನಿಂದ ಬಿಡಿಸಲು ಹೋರಾಡಿದ ಐರಿಷ್ ರಿಪಬ್ಲಿಕನ್ ಸೇನೆಯ ಬಾಂಬುಗಳನ್ನು ಮೂವತ್ತು ವರ್ಷ ಕಂಡ ದೇಶಕ್ಕೆ ಇದು ಏಕೆ ಅರ್ಥವಾಗಲಿಲ್ಲ ಎಂದು ಕೇಳಬಹುದು. ಅರ್ಥವಾಗದಿದ್ದುದಕ್ಕೆ ಆ ಅನುಭವವೇ ಒಂದು ಕಾರಣ. ಆ ಸಂಘಟನೆಗೆ ದಂಡನಾಯಕರಿದ್ದರು, ಘಟಕಗಳಿದ್ದವು, ಬೇಡಿಕೆ ಇತ್ತು. ಎಷ್ಟೋ ಸಲ ಬಾಂಬ್ ಇಟ್ಟು ಫೋನ್ ಮಾಡಿ ತಿಳಿಸುತ್ತಿದ್ದರು. ಕೊನೆಗೆ 1998ರಲ್ಲಿ ಅವರ ಕಡೆಯವರೊಡನೆ ಕುಳಿತು ಒಪ್ಪಂದ ಮಾಡಿಕೊಳ್ಳಲು ಸಾಧ್ಯವಾಯಿತು. ಆದೇಶ ಕೊಡುವವನನ್ನು ಹುಡುಕುವ ಅಭ್ಯಾಸವಿದ್ದ ಗುಪ್ತಚರರಿಗೆ ಇಂಥ ದಂಡನಾಯಕರಿಲ್ಲದ ಚಳವಳಿ ಕಣ್ಣಿಗೆ ಬೀಳಲಿಲ್ಲ.

ಆದರೆ ಆ ಕಾಲಘಟ್ಟದಲ್ಲಿ ಆದೇಶ, ತರಬೇತಿ ಎರಡೂ ಸ್ವಲ್ಪ ಮಟ್ಟಿಗೆ ಇದ್ದವು. ಸಿದ್ದೀಕ್ ಖಾನ್ ಮತ್ತು ತನ್ವೀರ್ 2004ರ ನವೆಂಬರ್‌ನಿಂದ 2005ರ ಫೆಬ್ರುವರಿವರೆಗೆ ಪಾಕಿಸ್ತಾನದಲ್ಲಿದ್ದರು. ಬಾಂಬ್ ತಯಾರಿಸುವ ವಿದ್ಯೆ ಲೀಡ್ಸ್‌ನ ಬೀದಿಯಲ್ಲಿ ಹುಟ್ಟಿದ್ದಲ್ಲ. ಅದಕ್ಕೂ ಮೊದಲು, 2004ರ ಆರಂಭದಲ್ಲಿ, ಬ್ರಿಟನ್ನಿನ ಆಂತರಿಕ ಗುಪ್ತಚರ ಸಂಸ್ಥೆ ಎಂಐ5ನವರು ಬೇರೊಂದು ಸಂಚಿನ ಬೆನ್ನು ಹತ್ತಿದ್ದರು. ಲಂಡನ್ನಿನ ಗೋದಾಮೊಂದರಲ್ಲಿ 600 ಕಿಲೊ ಅಮೋನಿಯಂ ನೈಟ್ರೇಟ್ ಗೊಬ್ಬರ ಸಿಕ್ಕ ಪ್ರಕರಣ ಅದು. ಅದರ ಮುಖ್ಯ ಆರೋಪಿಯನ್ನು ಭೇಟಿ ಮಾಡಲು ಬಂದವರಲ್ಲಿ ಸಿದ್ದೀಕ್ ಖಾನ್ ಕೂಡ ಇದ್ದ. ಅವನನ್ನು ಕಾರಿನಲ್ಲಿ ಯಾರ್ಕ್‌ಶೈರ್‌ವರೆಗೆ ಹಿಂಬಾಲಿಸಿದ ಗುಪ್ತಚರರು, ಇವನು ಅಷ್ಟೇನೂ ಮುಖ್ಯನಲ್ಲ ಎಂದು ಕಡತ ಬದಿಗಿಟ್ಟರು. ಅಂದು ಕೈಯಲ್ಲಿದ್ದ ಕೆಲಸದ ಹೊರೆ ನೋಡಿದರೆ ಆ ತೀರ್ಮಾನ ತೀರ ಅಸಡ್ಡೆಯದೆಂದು ನಾನು ಹೇಳಲಾರೆ. ಪ್ರತಿ ದಾಳಿಯ ನಂತರವೂ ಹೀಗೆ ಬದಿಗಿಟ್ಟ ಒಂದು ಕಡತ ಸಿಗುತ್ತದೆ. ಬದಿಗಿಟ್ಟ ಮೇಲೂ ಏನೂ ಆಗದ ಸಾವಿರಾರು ಕಡತಗಳನ್ನು ಯಾರೂ ಎಣಿಸುವುದಿಲ್ಲ.

ನಮ್ಮವರಿಗೆ ಗೊತ್ತಿಲ್ಲದೆಯೇ ನಮ್ಮ ಬದುಕನ್ನು ಮುಟ್ಟಿದ ಸಂಚು 2006ರ ಆಗಸ್ಟ್‌ನದು. ಪೂರ್ವ ಲಂಡನ್ನಿನ ಕೆಲವು ಯುವಕರು ತಂಪು ಪಾನೀಯದ ಬಾಟಲಿಗಳಲ್ಲಿ ದ್ರವ ಸ್ಫೋಟಕ ತುಂಬಿಕೊಂಡು ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ಉಡಾಯಿಸಲು ಹೊರಟಿದ್ದರು. ದೂರದಿಂದ ಸೂತ್ರ ಆಡಿಸುತ್ತಿದ್ದವನು ಬರ್ಮಿಂಗ್‌ಹ್ಯಾಮ್‌ನಲ್ಲಿ ಬೆಳೆದು ಪಾಕಿಸ್ತಾನ ಸೇರಿದ್ದ ರಶೀದ್ ರವೂಫ್. ಬೆಂಗಳೂರಿನಿಂದ ವಿದೇಶಕ್ಕೆ ಹಾರುವ ಮಗನ ಕೈಚೀಲಕ್ಕೆ ತಾಯಿ ತುಪ್ಪದ ಬಾಟಲಿ ಇಡಲಾಗದಿರುವುದಕ್ಕೆ, 100 ಮಿಲಿಲೀಟರ್ ಎಂಬ ಲೆಕ್ಕ ವಿಮಾನ ನಿಲ್ದಾಣಗಳಲ್ಲಿ ಹುಟ್ಟಿದ್ದಕ್ಕೆ, ಆ ಸಂಚೇ ಕಾರಣ.

ರವೂಫ್‌ನಂಥವರನ್ನು ನಾನು ನಡುವಿನವರು ಎನ್ನುತ್ತೇನೆ. ಅಲ್ ಖೈದಾದ ನಾಯಕರಿಗೆ ಪೂರ್ವ ಲಂಡನ್ನಿನ ವಾಲ್ತಮ್‌ಸ್ಟೋ ಎಲ್ಲಿದೆ ಎಂದು ಗೊತ್ತಿರಲಿಲ್ಲ, ವಾಲ್ತಮ್‌ಸ್ಟೋ ಹುಡುಗರಿಗೆ ಪಾಕಿಸ್ತಾನದ ಗಡಿಸೀಮೆಯ ವಜೀರಿಸ್ತಾನದ ದಾರಿ ಗೊತ್ತಿರಲಿಲ್ಲ. ಎರಡೂ ಕಡೆಯ ಭಾಷೆ, ರೀತಿನೀತಿ ಬಲ್ಲ ಒಬ್ಬಿಬ್ಬರು ಇಲ್ಲದೆ ಆ ಕಾಲದ ಯಾವ ದೊಡ್ಡ ಸಂಚೂ ನಡೆಯಲಿಲ್ಲ.

ಈ ಸಾಗಾಟ ಒಮ್ಮುಖವಾಗಿಯೂ ಇರಲಿಲ್ಲ. ಲಂಡನ್ನಿನಲ್ಲಿ ಹುಟ್ಟಿ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದುತ್ತಿದ್ದ ಒಮರ್ ಸಯೀದ್ ಶೇಖ್ 1993ರಲ್ಲಿ ಬೋಸ್ನಿಯಾದ ಸಂತ್ರಸ್ತರಿಗೆ ನೆರವು ಒಯ್ಯುವ ತಂಡದೊಂದಿಗೆ ಹೊರಟವನು, ಮರುವರ್ಷ ದೆಹಲಿಯಲ್ಲಿ ವಿದೇಶಿ ಪ್ರವಾಸಿಗರನ್ನು ಅಪಹರಿಸಿ ಸಿಕ್ಕಿಬಿದ್ದ. 1999ರ ಡಿಸೆಂಬರ್ 31ರಂದು ಕಂದಹಾರದಲ್ಲಿ ಇಂಡಿಯನ್ ಏರ್‌ಲೈನ್ಸ್ ವಿಮಾನದ ಒತ್ತೆಯಾಳುಗಳಿಗೆ ಬದಲಾಗಿ ಭಾರತ ಬಿಡುಗಡೆ ಮಾಡಿದ ಮೂವರಲ್ಲಿ ಇವನೂ ಒಬ್ಬ. ಬ್ರಿಟನ್ ತನ್ನೊಳಗಿನ ಸಮಸ್ಯೆಯನ್ನು ಗುರುತಿಸುವ ಮೊದಲೇ ಅದರ ಫಲವನ್ನು ನಾವು ಉಂಡಿದ್ದೆವು.

ಕರ್ನಾಟಕವೂ ಈ ಕಥೆಯೊಳಗೆ ಬರುತ್ತದೆ. 2007ರ ಜೂನ್ 29ರ ನಸುಕಿನಲ್ಲಿ ಲಂಡನ್ನಿನ ಹೇಮಾರ್ಕೆಟ್‌ನಲ್ಲಿ ನೈಟ್‌ಕ್ಲಬ್ಬೊಂದರ ಮುಂದೆ ಗ್ಯಾಸ್ ಸಿಲಿಂಡರ್, ಮೊಳೆಗಳನ್ನು ತುಂಬಿದ ಕಾರು ನಿಂತಿತ್ತು. ಅದರಿಂದ ಹೊಗೆಯಂಥದ್ದು ಏಳುತ್ತಿದ್ದುದು ಆಂಬುಲೆನ್ಸ್ ಸಿಬ್ಬಂದಿಯ ಕಣ್ಣಿಗೆ ಬಿತ್ತು. ಎರಡನೆಯ ಕಾರನ್ನು ತಪ್ಪು ಜಾಗದಲ್ಲಿ ನಿಲ್ಲಿಸಿದ್ದಾರೆಂದು ದಂಡ ಹಾಕಿ ಎಳೆದೊಯ್ಯಲಾಗಿತ್ತು. ಎರಡೂ ಸಿಡಿಯಲಿಲ್ಲ. ಮರುದಿನ ಗ್ಲಾಸ್ಗೊ ವಿಮಾನ ನಿಲ್ದಾಣದ ಬಾಗಿಲಿಗೆ ಉರಿಯುವ ಜೀಪನ್ನು ನುಗ್ಗಿಸಿದವನು ಬೆಂಗಳೂರಿನ ಕಫೀಲ್ ಅಹ್ಮದ್. ವೈದ್ಯ ದಂಪತಿಯ ಮಗ, ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿ, ಬೆಲ್‌ಫಾಸ್ಟ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದು ಕೇಂಬ್ರಿಜ್‌ನಲ್ಲಿ ಸಂಶೋಧನೆ ಮಾಡುತ್ತಿದ್ದವನು. ಜತೆಗಿದ್ದ ಬಿಲಾಲ್ ಅಬ್ದುಲ್ಲಾ ಇಂಗ್ಲೆಂಡಿನಲ್ಲಿ ಹುಟ್ಟಿ ಬಾಗ್ದಾದಿನಲ್ಲಿ ಬೆಳೆದ ವೈದ್ಯ. ಗ್ಲಾಸ್ಗೊ ಬಳಿಯ ಆಸ್ಪತ್ರೆಯಲ್ಲೇ ಕೆಲಸದಲ್ಲಿದ್ದ. ಸುಟ್ಟ ಗಾಯಗಳಿಂದ ಕಫೀಲ್ ಆಗಸ್ಟ್ 2ರಂದು ಸತ್ತ. ಬೇರೆ ಯಾರೂ ಸಾಯಲಿಲ್ಲ.

ಈ ಪ್ರಕರಣದಲ್ಲಿ ಗಿರಣಿ ಕೇರಿ ಇಲ್ಲ, ಪಾಕಿಸ್ತಾನದ ಶಿಬಿರ ಇಲ್ಲ, ಹಸಿವು ಮೊದಲೇ ಇಲ್ಲ. ಇರುವುದು ಇರಾಕ್ ಯುದ್ಧದಿಂದ ಕುದಿಯುತ್ತಿದ್ದ ಒಬ್ಬ ಗೆಳೆಯ, ಅವನ ಕುದಿಯನ್ನು ತನ್ನದಾಗಿಸಿಕೊಂಡ ಇನ್ನೊಬ್ಬ. ಬಸವನಗುಡಿಯಲ್ಲೋ ಜಯನಗರದಲ್ಲೋ ಕುಳಿತು, ನಮ್ಮ ಓದಿದ ಮಕ್ಕಳು ಹೀಗಾಗುವುದಿಲ್ಲ ಎಂದುಕೊಂಡಿದ್ದವರಿಗೆ ಅದು ಹೊಡೆತ. ಅದರ ಹಿಂದೆಯೇ ಇನ್ನೊಂದು ಹೊಡೆತ ಬಂತು. ಕಫೀಲ್‌ನ ದೂರದ ಸಂಬಂಧಿ, ಚಿಕ್ಕಮಗಳೂರು ಜಿಲ್ಲೆಯಿಂದ ಬಂದ ಡಾ. ಮೊಹಮ್ಮದ್ ಹನೀಫ್ ಅವರನ್ನು ಜುಲೈ 2ರಂದು ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು. ಇಂಗ್ಲೆಂಡ್ ಬಿಡುವಾಗ ತಮ್ಮ ಸಿಮ್ ಕಾರ್ಡನ್ನು ಕಫೀಲ್‌ನ ತಮ್ಮನಿಗೆ ಕೊಟ್ಟುಬಂದಿದ್ದರು ಎಂಬುದು ಅವರ ಮೇಲಿದ್ದ ಆಧಾರ. ಜುಲೈ 27ರಂದು ಮೊಕದ್ದಮೆ ಕುಸಿದುಬಿತ್ತು. ಆಸ್ಟ್ರೇಲಿಯಾ ಸರ್ಕಾರವೇ ನೇಮಿಸಿದ ವಿಚಾರಣೆ ಮರುವರ್ಷ ಅವರು ನಿರ್ದೋಷಿ ಎಂದು ಹೇಳಿತು, 2010ರಲ್ಲಿ ಪರಿಹಾರವೂ ಸಿಕ್ಕಿತು. ನಂಟಸ್ತಿಕೆಯನ್ನೇ ಸಂಚೆಂದು ಓದುವ ಈ ತಪ್ಪು ಬರೀ ಅನ್ಯಾಯವಾಗಿ ಮುಗಿಯುವುದಿಲ್ಲ. ನಿಮ್ಮನ್ನು ಅವರು ಎಂದೂ ನಂಬುವುದಿಲ್ಲ ಎಂದು ಬೀದಿ ಮೇಜಿನ ಹಿಂದೆ ನಿಂತವನಿಗೆ ಹೇಳಲು ಇನ್ನೊಂದು ಕಥೆ ಸಿಗುತ್ತದೆ.

ಇರಾಕ್ ಯುದ್ಧದ ಪಾತ್ರವೆಷ್ಟು ಎಂಬುದನ್ನು ಇಲ್ಲೇ ಹೇಳಿಬಿಡಬೇಕು. 2005ರಲ್ಲಿ ಟೋನಿ ಬ್ಲೇರ್ ಸರ್ಕಾರ ಅದಕ್ಕೂ ಬಾಂಬುಗಳಿಗೂ ಸಂಬಂಧವಿಲ್ಲ ಎಂದೇ ವಾದಿಸಿತ್ತು. ಆ ಯುದ್ಧದ ಕಾಲದಲ್ಲಿ ಎಂಐ5 ಮುಖ್ಯಸ್ಥೆಯಾಗಿದ್ದ ಎಲಿಜಾ ಮ್ಯಾನಿಂಗ್‌ಹ್ಯಾಮ್-ಬುಲ್ಲರ್ 2010ರಲ್ಲಿ, ಇರಾಕ್ ಯುದ್ಧದಲ್ಲಿ ಬ್ರಿಟನ್ನಿನ ಪಾತ್ರವನ್ನು ಪರಿಶೀಲಿಸುತ್ತಿದ್ದ ಚಿಲ್ಕಾಟ್ ವಿಚಾರಣೆಯ ಮುಂದೆ ಬೇರೆಯೇ ಹೇಳಿದರು: ಒಂದು ಪೀಳಿಗೆಯ ಕೆಲವರು ಇರಾಕ್ ದಾಳಿಯನ್ನು ಇಸ್ಲಾಂ ಮೇಲಿನ ದಾಳಿಯೆಂದು ಕಂಡು ತೀವ್ರವಾದದತ್ತ ಹೊರಳಿದರು ಎಂದು. ನಾನು ಅವರನ್ನೇ ನಂಬುತ್ತೇನೆ. ಆದರೆ ರೀಡ್ ಬೂಟು ತೊಟ್ಟು ವಿಮಾನ ಹತ್ತಿದ್ದು ಇರಾಕ್ ಮೇಲೆ ದಾಳಿ ನಡೆಯುವ ಒಂದು ವರ್ಷಕ್ಕೂ ಮೊದಲು. ಯುದ್ಧ ಬೆಂಕಿಗೆ ತುಪ್ಪ ಸುರಿದದ್ದು ನಿಜ, ಬೆಂಕಿ ಆಗಲೇ ಇತ್ತು.

2010ರ ಮೇ 14ರಂದು ಕೊಂಡಿ ಬೇರೆ ರೂಪ ತಾಳಿರುವುದು ಗೊತ್ತಾಯಿತು. ಪೂರ್ವ ಲಂಡನ್ನಿನ ಸಂಸದ ಸ್ಟೀಫನ್ ಟಿಮ್ಸ್ ತಮ್ಮ ಕ್ಷೇತ್ರದ ಜನರ ಅಹವಾಲು ಕೇಳುತ್ತಿದ್ದಾಗ, ರೋಷನಾರಾ ಚೌಧರಿ ಎಂಬ 21 ವರ್ಷದ ಯುವತಿ ಕೈಕುಲುಕುವಂತೆ ಹತ್ತಿರ ಬಂದು ಅವರ ಹೊಟ್ಟೆಗೆ ಚಾಕು ಹಾಕಿದಳು. ಅವರು ಬದುಕಿಕೊಂಡರು. ಆಕೆ ಕಿಂಗ್ಸ್ ಕಾಲೇಜಿನಲ್ಲಿ ಒಳ್ಳೆಯ ಅಂಕ ಗಳಿಸುತ್ತಿದ್ದವಳು. ಯಾವ ಗುಂಪಿಗೂ ಸೇರಿರಲಿಲ್ಲ, ಯಾವ ಶಿಬಿರಕ್ಕೂ ಹೋಗಿರಲಿಲ್ಲ, ಮನೆಯವರಿಗೆ ಸುಳಿವೂ ಇರಲಿಲ್ಲ. ಅಮೆರಿಕದಲ್ಲಿ ಹುಟ್ಟಿ ಯೆಮನ್‌ನಲ್ಲಿ ನೆಲೆಸಿದ್ದ ಅಲ್ ಖೈದಾ ಬೋಧಕ ಅನ್ವರ್ ಅಲ್ ಅವ್ಲಾಕಿಯ ನೂರು ಗಂಟೆಗೂ ಹೆಚ್ಚಿನ ಇಂಗ್ಲಿಷ್ ಭಾಷಣಗಳನ್ನು ಒಬ್ಬಳೇ ಕುಳಿತು ಕೇಳಿದ್ದಳು. ಇರಾಕ್ ಯುದ್ಧದ ಪರ ಮತ ಹಾಕಿದ ಸಂಸದರು ಯಾರೆಂದು ಇಂಟರ್‌ನೆಟ್‌ನಲ್ಲಿ ಹುಡುಕಿ ಟಿಮ್ಸ್ ಅವರನ್ನು ಆರಿಸಿಕೊಂಡಿದ್ದಳು. ಅವ್ಲಾಕಿಗೆ ಆಕೆ ಯಾರೆಂದು ಗೊತ್ತಿರಲು ಕಾರಣವೇ ಇಲ್ಲ. ನಡುವಿನವನು ಈಗ ಒಂದು ಧ್ವನಿ ಮಾತ್ರ. ಅವ್ಲಾಕಿಯನ್ನು 2011ರಲ್ಲಿ ಅಮೆರಿಕದ ಡ್ರೋನ್ ಕೊಂದ ಮೇಲೂ ಆ ಧ್ವನಿ ಕೇಳಿಸುತ್ತಲೇ ಇದೆ.

2014ರ ಜೂನ್‌ನಲ್ಲಿ ಐಸಿಸ್ ಖಿಲಾಫತ್ ಘೋಷಿಸಿತು. ಅಲ್ ಖೈದಾ ಆರಿಸಿ ಸೇರಿಸಿಕೊಳ್ಳುತ್ತಿದ್ದರೆ, ಇದು ಸಂಸಾರ ಸಮೇತ ಬನ್ನಿ ಎಂದು ಎಲ್ಲರನ್ನೂ ಕರೆಯಿತು. ಬ್ರಿಟನ್ನಿನಿಂದ 900ಕ್ಕೂ ಹೆಚ್ಚು ಮಂದಿ ಸಿರಿಯಾ, ಇರಾಕ್‌ಗಳಿಗೆ ಹೋದರು. ಅವರಲ್ಲಿ ಒತ್ತೆಯಾಳುಗಳ ತಲೆ ಕಡಿದ ಮೊಹಮ್ಮದ್ ಎಮ್ವಾಜಿಯೂ ಇದ್ದ, ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನ್‌ನ 15 ವರ್ಷದ ಶಾಲಾ ಹುಡುಗಿಯೂ ಇದ್ದಳು. ಬರಲಾಗದವರಿಗಾಗಿ ಐಸಿಸ್ ವಕ್ತಾರ ಅಬು ಮೊಹಮ್ಮದ್ ಅಲ್ ಅದ್ನಾನಿ ಆ ಸೆಪ್ಟೆಂಬರ್‌ನಲ್ಲೇ ಸಂದೇಶ ಕೊಟ್ಟ: ಇದ್ದಲ್ಲೇ ಕೊಲ್ಲಿ, ಕೈಗೆ ಸಿಕ್ಕಿದ್ದರಿಂದ ಕೊಲ್ಲಿ. ಅಲ್ಲಿಗೆ ವಿದ್ಯೆ ಕಲಿಸುವ ಶಿಬಿರದ ಅಗತ್ಯವೂ ಮುಗಿಯಿತು. ಅನುಮತಿಯೊಂದೇ ಸಾಕಾಯಿತು.

2017ರ ಮಾರ್ಚ್ 22ರಂದು ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ಬಾಡಿಗೆ ಕಾರು ಹರಿಸಿ, ಸಂಸತ್ತಿನ ಆವರಣದಲ್ಲಿ ಪೊಲೀಸನನ್ನು ಇರಿದು, ಒಟ್ಟು ಐವರನ್ನು ಕೊಂದ ಖಾಲಿದ್ ಮಸೂದ್‌ಗೆ 52 ವರ್ಷ. ಕೆಂಟ್ ಸೀಮೆಯಲ್ಲಿ ಹುಟ್ಟಿ, ಹೊಡೆದಾಟಗಳಿಗೆ ಜೈಲು ಕಂಡು, ನಡುವಯಸ್ಸಿಗೆ ಮುನ್ನ ಮತಾಂತರಗೊಂಡವನು. ಐಸಿಸ್ ಅವನನ್ನು ತನ್ನ ಸಿಪಾಯಿ ಎಂದಿತು. ಪೊಲೀಸರಿಗೆ ಅವನ ನಂಟು ಸಿಗಲಿಲ್ಲ. ಎರಡು ತಿಂಗಳ ನಂತರ ಮ್ಯಾಂಚೆಸ್ಟರ್‌ನ ಸಂಗೀತ ಕಾರ್ಯಕ್ರಮದಲ್ಲಿ 22 ಜನರನ್ನು ಕೊಂದ ಸಲ್ಮಾನ್ ಅಬೇದಿಯ ಕಥೆ ಬೇರೆ. ಅವನ ತಂದೆತಾಯಿ ಗಡಾಫಿಯ ಲಿಬಿಯಾದಿಂದ ಬಂದವರು. ಗಡಾಫಿ ಬಿದ್ದ ಮೇಲೆ ಕುಟುಂಬ ಎರಡು ದೇಶಗಳ ನಡುವೆ ಓಡಾಡುತ್ತಿತ್ತು. 2014ರಲ್ಲಿ ಲಿಬಿಯಾದ ಅಂತರ್ಯುದ್ಧದಿಂದ ಅವನನ್ನು ಪಾರುಮಾಡಿ ತಂದದ್ದು ಬ್ರಿಟಿಷ್ ನೌಕಾಪಡೆಯ ಹಡಗು. ಇವನ ವಿಷಯದಲ್ಲಿ ಒಂದು ನೈಜ ಯುದ್ಧಭೂಮಿ, ಕುಟುಂಬ, ತಮ್ಮನ ಕೈ ಎಲ್ಲವೂ ಇವೆ. ಒಬ್ಬಂಟಿ ತೋಳ ಎಂದು ಪತ್ರಿಕೆಗಳು ಎಲ್ಲರಿಗೂ ಹಚ್ಚುವ ಹಣೆಪಟ್ಟಿ ಮಸೂದ್‌ಗೆ ಹೊಂದಬಹುದು, ಅಬೇದಿಗೆ ಹೊಂದುವುದಿಲ್ಲ.

ಇಲ್ಲಿಯವರೆಗೆ ಓದಿ ಇದು ಒಂದೇ ಧರ್ಮದ ಕಥೆ ಎಂದುಕೊಂಡವರು ಯಾರ್ಕ್‌ಶೈರ್‌ಗೆ ಮರಳಬೇಕು. ಸಿದ್ದೀಕ್ ಖಾನ್ ಕೊನೆಗೆ ವಾಸವಾಗಿದ್ದ ಡ್ಯೂಸ್‌ಬರಿಯಿಂದ ಕೆಲವೇ ಮೈಲಿ ದೂರದಲ್ಲಿ ಬರ್ಸ್ಟಲ್ ಎಂಬ ಊರಿದೆ. 2016ರ ಜೂನ್ 16ರಂದು ಅಲ್ಲಿ ಸಂಸದೆ ಜೋ ಕಾಕ್ಸ್ ಅವರನ್ನು ಥಾಮಸ್ ಮೇರ್ ಎಂಬ ಬಿಳಿಯ ಇಂಗ್ಲಿಷಿನವನು ಗುಂಡು ಹಾರಿಸಿ, ಇರಿದು ಕೊಂದ. ಕೂಗಿದ್ದು ಬ್ರಿಟನ್ನಿನ ಹೆಸರು. ಆದರೆ ಅವನ ಮನೆಯಲ್ಲಿ ಸಿಕ್ಕಿದ್ದರಲ್ಲಿ ಹೆಚ್ಚಿನದು ಹೊರದೇಶದ ಸರಕು. ಅಮೆರಿಕದ ನವನಾಜಿ ಸಂಘಟನೆ ನ್ಯಾಷನಲ್ ಅಲೈಯನ್ಸ್‌ನಿಂದ ಅವನು 1999ರಿಂದಲೂ ಅಂಚೆಯಲ್ಲಿ ಪುಸ್ತಕ ತರಿಸುತ್ತಿದ್ದ. 2011ರಲ್ಲಿ ನಾರ್ವೆಯಲ್ಲಿ 77 ಜನರನ್ನು ಕೊಂದ ಆಂಡರ್ಸ್ ಬ್ರೀವಿಕ್‌ನ ಬಗ್ಗೆ ಪತ್ರಿಕೆಯ ತುಣುಕುಗಳನ್ನು ಕೂಡಿಟ್ಟಿದ್ದ. ರಾಷ್ಟ್ರಪ್ರೇಮದ ಹೆಸರಿನಲ್ಲಿ ನಡೆಯುವ ಈ ಹಿಂಸೆ ಜಿಹಾದಿನಷ್ಟೇ ಅಂತರರಾಷ್ಟ್ರೀಯವಾದದ್ದು ಎಂಬುದನ್ನು ಆ ಪಂಥದವರು ಎಂದೂ ಒಪ್ಪುವುದಿಲ್ಲ.

ಎರಡೂ ಕಡೆಯವರು ಒಬ್ಬರನ್ನೊಬ್ಬರು ಸಾಕುತ್ತಾರೆ. 2009ರ ಮಾರ್ಚ್‌ನಲ್ಲಿ ಲೂಟನ್ ಪಟ್ಟಣದಲ್ಲಿ ಇರಾಕ್‌ನಿಂದ ಮರಳಿದ ಸೈನಿಕರ ಮೆರವಣಿಗೆಗೆ ಅಲ್ ಮುಹಾಜಿರೂನ್ ಬಳಗದ ಬೆರಳೆಣಿಕೆಯಷ್ಟು ಮಂದಿ ಧಿಕ್ಕಾರ ಕೂಗಿದರು. ಅದಕ್ಕೆ ಉತ್ತರವಾಗಿ ಅದೇ ಊರಿನಲ್ಲಿ ಇಂಗ್ಲಿಷ್ ಡಿಫೆನ್ಸ್ ಲೀಗ್ ಎಂಬ ಇಸ್ಲಾಂ ವಿರೋಧಿ ಬಲಪಂಥೀಯ ಗುಂಪು ಹುಟ್ಟಿತು. ಅದನ್ನು ನಾರ್ವೆಯಲ್ಲಿ ಕುಳಿತ ಬ್ರೀವಿಕ್ ಮೆಚ್ಚಿಕೊಂಡ. ಬ್ರೀವಿಕ್‌ನಿಂದ ಸ್ಫೂರ್ತಿ ಪಡೆದೆನೆಂದು 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ 51 ಜನರನ್ನು ಕೊಂದ ಆಸ್ಟ್ರೇಲಿಯನ್ ಬರೆದಿಟ್ಟ. ತನ್ನ ಮದ್ದುಗುಂಡುಗಳ ಮೇಲೆ, ಬಾಲಕಿಯರ ಮೇಲಿನ ಲೈಂಗಿಕ ದೌರ್ಜನ್ಯ ಪ್ರಕರಣದಿಂದ ಸುದ್ದಿಯಾಗಿದ್ದ ಇಂಗ್ಲೆಂಡಿನ ರಾದರ್‌ಹ್ಯಾಮ್ ಪಟ್ಟಣದ ಹೆಸರನ್ನೂ ಗೀಚಿಕೊಂಡಿದ್ದ. ಮರುದಿನವೇ ಇಂಗ್ಲೆಂಡಿನ ಸರೆ ಪ್ರಾಂತ್ಯದಲ್ಲಿ ಒಬ್ಬ, ಕ್ರೈಸ್ಟ್‌ಚರ್ಚ್ ವಿಡಿಯೊ ಮೆಚ್ಚಿಕೊಂಡು, ಚಾಕು ಹಿಡಿದು ಬೀದಿಗಿಳಿದ. ಲೂಟನ್‌ನಿಂದ ಹೊರಟದ್ದು ಭೂಮಿ ಸುತ್ತಿ ಇಂಗ್ಲೆಂಡಿಗೇ ಬಂದು ತಲುಪಿತು.

2017ರ ಜೂನ್ 19ರಂದು ಫಿನ್ಸ್‌ಬರಿ ಪಾರ್ಕ್‌ನಲ್ಲಿ ರಂಜಾನಿನ ರಾತ್ರಿಯ ತರಾವೀಹ್ ನಮಾಜು ಮುಗಿಸಿ ಹೊರಬಂದವರ ಮೇಲೆ ವ್ಯಾನ್ ಹರಿಸಿದ ಡ್ಯಾರೆನ್ ಓಸ್ಬೋರ್ನ್‌ಗೆ ಅದಕ್ಕೆ ಮುನ್ನ ರಾಜಕೀಯದ ಗೊಡವೆ ಇದ್ದಂತೆ ಕಾಣುವುದಿಲ್ಲ. ಕೆಲಸವಿಲ್ಲದ, ಕುಡಿತಕ್ಕೆ ಬಿದ್ದಿದ್ದ ಅವನು ಟಿವಿಯಲ್ಲಿ ನೋಡಿದ ಒಂದು ಧಾರಾವಾಹಿಯಿಂದ ಕೆರಳಿ, ಆಮೇಲೆ ಮೊಬೈಲಿನಲ್ಲಿ ಬಲಪಂಥೀಯ ಬರಹಗಳನ್ನು ಓದುತ್ತ ಹೋದ. ಅಲ್ಲಿಂದ ಕೊಲೆಯವರೆಗೆ ಹಿಡಿದದ್ದು ವಾರಗಳ ಲೆಕ್ಕ. ಸಿದ್ದೀಕ್ ಖಾನ್‌ಗೆ ವರ್ಷಗಳು ಹಿಡಿದಿದ್ದವು. ವ್ಯಾನಿನಿಂದ ಇಳಿದವನನ್ನು ಸಿಟ್ಟಿಗೆದ್ದ ಜನರ ಕೈಯಿಂದ ಕಾಪಾಡಿ ಪೊಲೀಸರಿಗೆ ಒಪ್ಪಿಸಿದ್ದು ಅಲ್ಲಿನ ಇಮಾಮರು ಎಂಬುದನ್ನೂ ಹೇಳಬೇಕು.

ಸರ್ಕಾರ ಸುಮ್ಮನೆ ಕುಳಿತಿರಲಿಲ್ಲ. 2003ರಿಂದಲೇ ರೂಪುಗೊಂಡ ಭಯೋತ್ಪಾದನಾ ನಿಗ್ರಹ ನೀತಿಯಲ್ಲಿ, ಜನ ಭಯೋತ್ಪಾದನೆಯತ್ತ ಹೊರಳುವುದನ್ನು ಮೊದಲೇ ತಡೆಯಲೆಂದು ಪ್ರಿವೆಂಟ್ ಎಂಬ ಒಂದು ಕವಲಿದೆ. 2015ರ ಕಾನೂನಿನ ಪ್ರಕಾರ ಶಾಲೆ, ಆಸ್ಪತ್ರೆ, ಜೈಲುಗಳು ಯಾರಾದರೂ ತೀವ್ರವಾದದತ್ತ ಜಾರುತ್ತಿರುವಂತೆ ಕಂಡರೆ ಅಲ್ಲಿಗೆ ತಿಳಿಸಬೇಕು. ಮೇಷ್ಟರನ್ನೂ ವೈದ್ಯರನ್ನೂ ಬೇಹುಗಾರರನ್ನಾಗಿ ಮಾಡಿದ್ದಾರೆ ಎಂದು ಮುಸ್ಲಿಂ ಸಂಘಟನೆಗಳು ಬಹಳ ಕಾಲ ದೂರಿದವು, ಅದರಲ್ಲಿ ಹುರುಳೂ ಇತ್ತು. 2025ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಹೀಗೆ ಬಂದ ಪ್ರಕರಣಗಳು 8,778, ಅದುವರೆಗಿನ ದಾಖಲೆ. ಅವುಗಳಲ್ಲಿ ಇಸ್ಲಾಮಿ ತೀವ್ರವಾದದವು ಹತ್ತರಲ್ಲಿ ಒಂದು, ಬಲಪಂಥೀಯ ತೀವ್ರವಾದದವು ಐದರಲ್ಲಿ ಒಂದು. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಯಾವ ಸಿದ್ಧಾಂತವೂ ಪತ್ತೆಯಾಗಲಿಲ್ಲ. ವಯಸ್ಸಿನ ಲೆಕ್ಕದಲ್ಲಿ ಅತಿ ದೊಡ್ಡ ಗುಂಪು 11ರಿಂದ 15 ವರ್ಷದವರದು.

2024ರ ಜುಲೈ 29ರಂದು ಸೌತ್‌ಪೋರ್ಟ್‌ನ ನೃತ್ಯ ತರಗತಿಯೊಂದಕ್ಕೆ ನುಗ್ಗಿ ಮೂವರು ಪುಟ್ಟ ಹುಡುಗಿಯರನ್ನು ಕೊಂದ 17 ವರ್ಷದವನ ಹೆಸರು ಪ್ರಿವೆಂಟ್ ಕಡತಕ್ಕೆ ಮೂರು ಸಲ ಬಂದಿತ್ತು. ಸ್ಪಷ್ಟ ಸಿದ್ಧಾಂತವಿಲ್ಲ ಎಂದು ಮೂರು ಸಲವೂ ಮುಚ್ಚಿದ್ದರು. ಅವನು ವೇಲ್ಸ್‌ನ ಕಾರ್ಡಿಫ್‌ನಲ್ಲಿ, ರುವಾಂಡಾದಿಂದ ಬಂದ ಕುಟುಂಬದಲ್ಲಿ ಹುಟ್ಟಿದವನು. ಮುಸ್ಲಿಂ ವಲಸಿಗನೆಂಬ ಸುಳ್ಳು ಸುದ್ದಿ ಗಂಟೆಗಳಲ್ಲಿ ಹಬ್ಬಿ, ಮರುದಿನ ಊರಿನ ಮಸೀದಿಯ ಮೇಲೆ ಕಲ್ಲು ಬಿತ್ತು, ಗಲಭೆ ಇಂಗ್ಲೆಂಡಿನ ಹಲವು ಊರುಗಳಿಗೆ ಹರಡಿತು. ಆಮೇಲೆ ಅವನ ಮನೆಯಲ್ಲಿ ಅಲ್ ಖೈದಾದ ತರಬೇತಿ ಕೈಪಿಡಿ ಸಿಕ್ಕಿತು. ಅದನ್ನು ಇಟ್ಟುಕೊಂಡದ್ದು ಭಯೋತ್ಪಾದನಾ ಕಾನೂನಿನಡಿ ಅಪರಾಧ. ಆದರೆ ಯಾವ ಉದ್ದೇಶಕ್ಕಾಗಿ ಕೊಂದನೆಂಬುದಕ್ಕೆ ಆಧಾರವಿಲ್ಲದ ಕಾರಣ ಕೊಲೆಗಳನ್ನು ಭಯೋತ್ಪಾದನೆ ಎಂದು ಪರಿಗಣಿಸಲಿಲ್ಲ. ಭಯೋತ್ಪಾದನೆಯ ವ್ಯಾಖ್ಯಾನವನ್ನೇ ಹಿಗ್ಗಿಸಬೇಕೆಂಬ ಕೂಗು ಎದ್ದಾಗ, ಆ ಕಾನೂನುಗಳ ಸ್ವತಂತ್ರ ಪರಿಶೀಲಕ ಜೊನಾಥನ್ ಹಾಲ್ 2025ರ ಮಾರ್ಚ್‌ನಲ್ಲಿ ಬೇಡವೆಂದರು. ವ್ಯಾಖ್ಯಾನವನ್ನು ಹಾಗೆಯೇ ಬಿಟ್ಟು, ಸಿದ್ಧಾಂತವಿರಲಿ ಇಲ್ಲದಿರಲಿ, ಸಾಮೂಹಿಕ ಕೊಲೆಗೆ ತಯಾರಿ ನಡೆಸುವುದನ್ನೇ ಹೊಸದೊಂದು ಅಪರಾಧವಾಗಿ ಮಾಡುವುದನ್ನು ಪರಿಗಣಿಸಿ ಎಂಬುದು ಅವರ ಸಲಹೆ.